ಹಿರೇಮಠರು ಅಳಿಸಿದ್ದು

ನೆನಪಿಗೊಂದು ಮಿತಿಯಿದೆ ಎಂಬುದು ಸಕಲ ಜೀವಿಗಳೂ ಒಂದಿಲ್ಲೊಂದು ದಿನ ಒಪ್ಪಿಕೊಳ್ಳಬೇಕಾದ ಸತ್ಯ. ನಮ್ಮ ಆಫೀಸಿನ ಸರ್ವರ್ ಅದನ್ನು ದಿನಾ ಊಟದ ಹೊತ್ತಿಗೆ ಒಪ್ಪಿಕೊಂಡು ನಿಂತುಬಿಡುತ್ತಿತ್ತು.

ಯೆರವಡಾದ ಆ ಆಫೀಸಿನಲ್ಲಿ ನಾವು ವಿಮಾ ಪತ್ರಗಳನ್ನು ತಯಾರಿಸುತ್ತಿದ್ದೆವು. ಸರ್ವರ್ ನೋಡಿಕೊಳ್ಳುತ್ತಿದ್ದ ಗದಗಿನ ಹಿರೇಮಠರು ಕಾಂಟ್ರ್ಯಾಕ್ಟಿನ ಮೇಲಿದ್ದವರು. ಏನನ್ನೂ ಎಸೆಯುವವರಲ್ಲ. ಮುಗಿದ ರಿಫಿಲ್ಲು, ಹಳೆಯ ಬಸ್ ಪಾಸು, ಕೆಟ್ಟ ಮೌಸು ಎಲ್ಲವೂ ಅವರ ಡ್ರಾಯರಿನಲ್ಲಿ ನಿವೃತ್ತಿ ಜೀವನ ನಡೆಸುತ್ತಿದ್ದವು. ಸರ್ವರಿಗೆ ಅವರು ಹಾಕಿದ ಫೈಲ್ ಸಿಸ್ಟಮ್ಮೂ ಅವರಂಥದೇ.

"ಇದು ಹಳೇದರ ಮ್ಯಾಲೆ ಬರಿಯೂದಿಲ್ರೀ. ಹೊಸಾದನ್ನ ಬ್ಯಾರೆ ಜಾಗಾದಾಗ ಬರೀತದ. ಸ್ನ್ಯಾಪ್‌ಶಾಟ್ ಅಂತ ಆ ಹೊತ್ತಿನ ಪಟ ತಗೊಂಡಿದ್ರ ಹಳೇದೂ ಹಂಗ ಉಳೀತದ," ಎನ್ನುತ್ತಿದ್ದರು, ಮಗಳಿಗೆ ಒಳ್ಳೆಯ ಸಂಬಂಧ ಕುದುರಿದವರ ದನಿಯಲ್ಲಿ. ನಾನೊಮ್ಮೆ ಇಡೀ ತಿಂಗಳ ಕೆಲಸ ಅಳಿಸಿಬಿಟ್ಟಾಗ ಚಹಾ ಆರುವ ಮೊದಲೇ ಮರಳಿ ತಂದಿಟ್ಟರು. "ತಗೋರಿ, ನಿನ್ನಿ ತನಕದ್ದು. ಇವತ್ತಿಂದು ನೀವ ಮಾಡ್ರಿ."

ರ್‍ಯಾಮ್ ಕೊಡಿಸಿ ಸರ್ವರಿನ ನೆನಪು ಹೆಚ್ಚಿಸಲು ಮ್ಯಾನೇಜರ್ ಒಪ್ಪಲಿಲ್ಲ. "ಹಿರೇಮಠ, ಅಜೂನ್ ಏಕದಾ ಬಂದ್ ಪಡ್ಲಾ ತರ್ ತುಮ್ಹೀ ಘರೀ," ಎಂದರು ಮರಾಠಿಯಲ್ಲಿ. ಇನ್ನೊಮ್ಮೆ ನಿಂತರೆ ನೀವು ಮನೆಗೆ, ಎಂದು.

ಹಿರೇಮಠರು ಡಿಸ್ಕಿನಲ್ಲೇ ಸ್ವಾಪ್ ಜಾಗ ಮಾಡಲು ಕೂತರು. "ಸ್ವಾಪ್ ಅಂದ್ರ ಒಲಿ ಬಾಜೂಕಿನ ಕಟ್ಟಿರೀ. ಕೈ ತುಂಬಿದಾಗ ಪಾತ್ರಿ ಇಳಸೂದು, ಬೇಕಾದಾಗ ಎತ್ತೂದು." ಮೊದಲು ಸಾದಾ ಫೈಲೊಂದನ್ನು ಸ್ವಾಪ್ ಮಾಡಹೋದರು. ಬರೆದಾಗಲೆಲ್ಲ ಜಾಗ ಬದಲಿಸುವ ಫೈಲು ತನಗೆ ಬೇಡವೆಂದಿತು ಸರ್ವರ್. ಆಮೇಲೆ ಅದಕ್ಕೆಂದೇ ಅದೇ ಫೈಲ್ ಸಿಸ್ಟಮ್ಮಿನೊಳಗೆ ಪ್ರತ್ಯೇಕ ಭಾಗ ಮಾಡಿಕೊಟ್ಟರು. ಸರ್ವರ್ ನಿಲ್ಲುವುದನ್ನು ನಿಲ್ಲಿಸಿತು. ಹಿರೇಮಠರು ಊಟದ ಹೊತ್ತಿನಲ್ಲಿ ಊಟ ಮಾಡತೊಡಗಿದರು.

ಕೆಲವು ದಿನಗಳ ಮೇಲೆ ಡಿಸ್ಕು ತುಂಬಿ ಎಲ್ಲವೂ ನಿಂತಿತು. ಗಂಟೆಗೊಮ್ಮೆ ತಾನಾಗಿ ಸ್ನ್ಯಾಪ್‌ಶಾಟ್ ತೆಗೆಯುವ ಏರ್ಪಾಡು ಹಿರೇಮಠರದೇ. ಅದು ಸ್ವಾಪನ್ನೂ ಬಿಡದೆ, ಅಲ್ಲಿ ಬಂದುಹೋದ ಕಸವನ್ನೆಲ್ಲ ಭಕ್ತಿಯಿಂದ ಕಾಪಾಡಿತ್ತು.

"ಸ್ವಾಪ್ ಒಂದು ಬಿಡಬೇಕಿತ್ತಲ್ರೀ?" ಎಂದೆ.

"ಎಲ್ಲಾದ್ದೂ ತಗೀ ಅಂದಿದ್ದೆ. ಎಲ್ಲಾದ್ರಾಗ ಅದೂ ಬಂತು."

ಮ್ಯಾನೇಜರ್ ಬಾಗಿಲಿಗೆ ಬಂದು ನೋಡಿ ಹೋದರು. ಹಿರೇಮಠರು ಸ್ವಾಪಿನ ಸ್ನ್ಯಾಪ್‌ಶಾಟುಗಳನ್ನು ಒಂದೊಂದಾಗಿ ಅಳಿಸುತ್ತ ಹೋದರು. ನಾನು ಪಕ್ಕದಲ್ಲಿ ನಿಂತಿದ್ದೆ. ನನಗೇನೂ ಅನಿಸಲಿಲ್ಲ. ಅವರಿಗೂ ಅನಿಸಿದಂತೆ ಕಾಣಲಿಲ್ಲ.

"ಚಹಾ ತರಸ್ಲೇನ್ರೀ?" ಎಂದೆ.

"ಬ್ಯಾಡ್ರಿ. ಇನ್ನ ಮುಂದ ಸ್ವಾಪ್ ಬಿಟ್ಟು ಸ್ನ್ಯಾಪ್‌ಶಾಟ್ ತಗೀತದ. ನೀವು ಮುಟ್ಟೂದೇನಿಲ್ಲ."

ಮಧ್ಯಾಹ್ನ ಸರ್ವರ್ ಶುರುವಾಯಿತು. ಶನಿವಾರ ಹಿರೇಮಠರ ಕಾಂಟ್ರ್ಯಾಕ್ಟ್ ಮುಗಿಯಿತು.