ದೇವರ ಗೂಡಿನಲ್ಲಿ ಫ್ರೆಡ್ಡಿಯ ಬಾಟಲಿ

"ಅಮ್ಮಾ, ನಮ್ಮ ಆಫೀಸಿನ ಡ್ರೈವರ್ ಒಂದು ಪೊಟ್ಟಣ ತರ್ತಾನೆ, ಇಟ್ಕೊಂಡಿರಿ" ಎಂದು ಮಗ ಕಿಶೋರ ಫೋನಿನಲ್ಲಿ ಹೇಳಿದ ದಿನ ನಾನು ಆ ಡ್ರೈವರನ ವಿಷಯ ಮೊದಲು ಕೇಳಿದ್ದು. ಗಲ್ಫಿನಲ್ಲಿ ಕಚ್ಚಾ ಎಣ್ಣೆಯ ಬೆಲೆ ಪಾತಾಳಕ್ಕಿಳಿದು, ಅಲ್ ಖುವೈರಿನ ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆ ಖಾಲಿಯಾಗುತ್ತಿದ್ದ 2016ರ ಫೆಬ್ರವರಿ ಅದು.

ಬಾಗಿಲು ತೆಗೆದರೆ ಹಣೆಗೆ ಬೂದಿ ಬಳಿದುಕೊಂಡ ಕುಳ್ಳ ಮನುಷ್ಯ. ನಾನು ಮೈಸೂರಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು. ಹಣೆಯಲ್ಲಿ ಬೂದಿ ಕಂಡರೆ ಶಿವಭಕ್ತ, ಅಷ್ಟೇ ನನಗೆ ಗೊತ್ತು.

"ನಲ್ವತ್ತು ದಿನ ಯಾರೂ ಮುಟ್ಟದ ಹಾಗೆ ಇಡಿ ಅಮ್ಮ. ವ್ರತ ಉಂಟು" ಎಂದ.

ಗಂಗಾಜಲವೇ ಇರಬೇಕೆಂದು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟೆ. ಎರಡು ದಿನ ಹೂವನ್ನೂ ಏರಿಸಿದೆ. ಮೂರನೆಯ ದಿನ ಕಿಶೋರ ಕಾಗದ ಬಿಚ್ಚಿ ನೋಡಿ, ಸೋಫಾದ ಮೇಲೆ ಬಿದ್ದು ನಕ್ಕ. ರಮ್ಮು!

ಆಮೇಲೆ ತಿಳಿಯಿತು, ಅವನು ಕಿನ್ನಿಗೋಳಿ ಕಡೆಯ ಕ್ರೈಸ್ತರ ಫ್ರೆಡ್ಡಿ. ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನ ಅವರಿಗೆ ತಪಸ್ಸುಕಾಲ, ಅದು ಶುರುವಾಗುವ ದಿನ ಇಗರ್ಜಿಯಲ್ಲಿ ಬೂದಿ ಹಚ್ಚುತ್ತಾರಂತೆ. ಕುಡಿತ ಬಿಡುತ್ತೇನೆಂದು ಏಸುವಿಗೆ ಮಾತು ಕೊಟ್ಟಿದ್ದ. ಬಾಟಲಿ ರೂಮಿನಲ್ಲಿದ್ದರೆ ಏಸು ಸೋಲುತ್ತಾನೆಂದು ನನ್ನ ಮನೆಗೆ ತಂದಿದ್ದ. ನಾನು ಅದನ್ನು ಸೋಪಿನ ಪುಡಿಯ ಹಿಂದಕ್ಕೆ ವರ್ಗ ಮಾಡಿದೆ.

ದಿನಾ ಸಂಜೆ ಕಿಶೋರನನ್ನು ಬಿಟ್ಟು ಮೇಲೆ ಬರುತ್ತಿದ್ದ. ಮಜ್ಜಿಗೆ ಕುಡಿಯುವುದು ನೆಪ, ವಿಚಾರಿಸುತ್ತಿದ್ದುದು ಬಾಟಲಿಯ ಆರೋಗ್ಯ.

"ಸೌಖ್ಯ ಉಂಟಾ ಅಮ್ಮ?"

"ನಿನಗಿಂತ ಚೆನ್ನಾಗಿದೆ ಕಣೋ."

ಮೊದಲು ಕುಡಿಯುತ್ತಿದ್ದ ಹೊತ್ತಿಗೆ ಕೈ ಸುಮ್ಮನಿರದೆ, ವಾದಿ ಅದಾಯ್ ಎಂಬಲ್ಲಿದ್ದ ತನ್ನ ರೂಮಿನಲ್ಲಿ ಗಂಜಿ ಬೇಯಿಸತೊಡಗಿದ. ಪಕ್ಕದ ಕಟ್ಟಡದಲ್ಲಿದ್ದ ಕೂಲಿಯವರಿಗೆ ಕಂಪನಿ ಕೆಲಸ ನಿಲ್ಲಿಸಿ, ಮೆಸ್ಸಿಗೂ ಬೀಗ ಹಾಕಿತ್ತು. ಊರಿಗೆ ಹೋಗುವ ಟಿಕೆಟ್ಟಿಗೆ ಕಾಯುತ್ತಾ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಇಸುಬು ಎಂಬ ಮುದುಕನಿಗೆ ಮೊದಲ ದಿನ ಒಂದು ತಟ್ಟೆ ಕೊಟ್ಟ. ಮರುದಿನ ಇಸುಬು ನಾಲ್ವರನ್ನು ಕರೆತಂದ. ವಾರದಲ್ಲಿ ಮೂವತ್ತು ಜನ.

"ಗಂಜಿ ನಾವು ಕಾಯಿಲೆಯವರಿಗೆ ಕೊಡೋದು ಕಣಯ್ಯ" ಎಂದೆ.

"ಇವರಿಗೂ ಕಾಯಿಲೆಯೇ ಅಮ್ಮ, ಹಸಿವೆಯದ್ದು. ನಿಮ್ಮ ಉಪ್ಪಿನಕಾಯಿ ಕೊಡಿ."

ಮೂರು ಭರಣಿ ಖಾಲಿ ಮಾಡಿದ, ಪಾಪಿ.

ಈಸ್ಟರ್ ದಿನ ಬಿಳಿ ಅಂಗಿ ತೊಟ್ಟು ಮದುಮಗನ ಹಾಗೆ ಬಂದ. ಬಾಟಲಿ ಕೊಟ್ಟೆ. ಎದೆಗವಚಿಕೊಂಡು ಲಿಫ್ಟಿಗೆ ಹೋದ. ಹತ್ತು ನಿಮಿಷಕ್ಕೆ ಮತ್ತೆ ಬೆಲ್ಲು.

"ಎಂಥ ಗ್ರಹಚಾರ ಮಾರಾಯ್ರೇ! ಇವತ್ತು ಕುಡಿದ್ರೆ ಸಂಜೆ ಗಂಜಿ ಅಡಿ ಹಿಡೀತದೆ. ದೇವ್ರಿಗೆ ಕೊಟ್ಟ ಮಾತು ಮುಗೀತು, ಆ ಮೂವತ್ತು ಜನರ ಹೊಟ್ಟೆ ಮುಗೀಲಿಲ್ಲ. ನಾಳೆ ಬರ್ತೇನೆ, ಇಡಿ."

ಆ 'ನಾಳೆ' ಒಂದೂವರೆ ವರ್ಷ ನಡೆಯಿತು. ಮೀನು ವ್ಯಾಪಾರದವರ ಮನೆಯ ಖದೀಜಮ್ಮ ಗಂಜಿ ಬೇಯಿಸಲು ದೊಡ್ಡ ದೇಗ್ಚಿ ತಂದರು, ಜೊತೆಗೆ ಒಣಮೀನಿನ ಚಟ್ನಿ. ನನ್ನ ಉಪ್ಪಿನಕಾಯಿಯ ಪಕ್ಕದಲ್ಲೇ ಇಟ್ಟರು, ನಾನೂ ಅಲ್ಲಿಗೆ ಹೋಗಿ ಮೂಗು ಮುಚ್ಚಿಕೊಂಡೇ ಬಡಿಸಿದೆ. ಐದು ಕಟ್ಟಡಗಳಲ್ಲಿ ಒಲೆ ಹೊತ್ತಿತು. ಸಂಜೆಗೆ ನಾನೂರು ತಟ್ಟೆ. ಇಸುಬು ಟಿಕೆಟ್ಟು ಬಂದರೂ ಎರಡು ವಾರ ಹೋಗಲಿಲ್ಲ, ಸೌಟು ಬಿಡಲು ಮನಸ್ಸಿಲ್ಲದೆ.

ಫ್ರೆಡ್ಡಿ ಮಾತ್ರ ಸಂತನಾಗಲಿಲ್ಲ. ಸಾಲು ಮುರಿದವರಿಗೆ ತುಳುವಿನಲ್ಲಿ ಬೈಯುತ್ತಿದ್ದ, ಏಳು ಗಂಟೆಯಾದರೆ ನಾಲಿಗೆ ಸವರಿಕೊಳ್ಳುತ್ತಿದ್ದ.

ಕೊನೆಗೆ ಕಿಶೋರನ ಆಫೀಸಿನವರು ಫ್ರೆಡ್ಡಿಗೂ ಖಲಾಸ್, ಕೆಲಸ ಮುಗೀತು ಅಂದರು. ದೇಗ್ಚಿಯನ್ನು ಖದೀಜಮ್ಮನಿಗೂ ಉಪ್ಪಿನ ಡಬ್ಬವನ್ನು ನನಗೂ ಒಪ್ಪಿಸಿದ. ಬಾಟಲಿಯ ಮಾತೆತ್ತಲಿಲ್ಲ. ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣದಿಂದ ಫೋನು.

"ಅಮ್ಮಾ, ಅದು ಉಂಟಾ ಇನ್ನೂ?"

"ಇದೆ ಕಣೋ. ಕಿಶೋರನ ಕೈಲಿ ಕಳಿಸ್ಲಾ?"

ಆ ಕಡೆಯಿಂದ ಎಂಜಲು ನುಂಗಿದ್ದು ಕೇಳಿಸಿತು.

"ಬೇಡ. ಸಿಂಕಿಗೆ ಸುರಿದುಬಿಡಿ. ಬಾಟಲಿ ತೊಳೆದು ಗಂಜಿಗೆ ಮಜ್ಜಿಗೆ ತುಂಬಿಸಿ. ಆದ್ರೆ ಅಮ್ಮಾ, ನಾನು ವಿಮಾನ ಹತ್ತಿದ ಮೇಲೆ ಸುರೀರಿ, ಆಯ್ತಾ? ಈಗ್ಲೇ ಬೇಡ. ಇನ್ನೂ ಒಂದು ಗಂಟೆ ಉಂಟು."