ಕನ್ನಡಕ ಹಿಡಿದು ನಿಂತವನು

ಕೂಗಬೇಕಾದ ಹೊತ್ತಿನಲ್ಲಿ ನಾನು ಕೂಗಲಿಲ್ಲ. ಗಂಟಲು ಕಟ್ಟಿರಲಿಲ್ಲ, ಮೈಮರೆತಿರಲಿಲ್ಲ, ಯಾರೂ ನನ್ನ ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ. ಕೂಗಬೇಕಾಗಿದ್ದದ್ದು ಒಂದು ಸಣ್ಣ ಪದ, ನಾಲಗೆಯ ತುದಿಗೆ ಬಂದೂ ಇತ್ತು. ಅದನ್ನು ನುಂಗಿಕೊಂಡು, ತಮ್ಮನ ಕನ್ನಡಕವನ್ನು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ನಿಂತೆ. ಕನ್ನಡಕಕ್ಕೆ ಏನೂ ಆಗಲಿಲ್ಲ.

ಈ ಸಂಗತಿ ಹೇಳಬೇಕಾದರೆ ಕನ್ನಡಕದಿಂದಲೇ ಶುರು ಮಾಡಬೇಕು.

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಅಪ್ಪ ಒಲೆಯ ಮುಂದೆ ಇದ್ದರು, ನಾನು ಗಲ್ಲಾಪೆಟ್ಟಿಗೆಯ ಹಿಂದೆ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ತಮ್ಮ ಸದಾನಂದ, ನಮ್ಮೆಲ್ಲರ ಸದಾ, ಮಾತ್ರ ಪುಸ್ತಕದ ಮುಂದೆ ಇದ್ದ. ಸಣ್ಣ ವಯಸ್ಸಿನಲ್ಲೇ ಅವನಿಗೆ ಕನ್ನಡಕ ಬಂತು. ಸೋಡಾ ಬಾಟಲಿಯ ತಳದಂಥ ಗಾಜು. ಅದರೊಳಗಿಂದ ಅವನ ಕಣ್ಣು ಎರಡು ಕಾಳುಮೆಣಸಿನಷ್ಟು ಕಾಣುತ್ತಿತ್ತು. ಓದಿ ಓದಿಯೇ ಮಗನ ಕಣ್ಣು ಸವೆದದ್ದು ಎಂದು ಅಮ್ಮನ ನಂಬಿಕೆ. ಹಾಗಾಗಿ ಕನ್ನಡಕ ನಮ್ಮ ಮನೆಯಲ್ಲಿ ರೋಗವಾಗಿರಲಿಲ್ಲ, ಪದವಿಯಾಗಿತ್ತು. ಊರಿನಿಂದ ನೆಂಟರು ಬಂದರೆ ಅಮ್ಮ ಮೊದಲು ಅದನ್ನೇ ತೋರಿಸುತ್ತಿದ್ದಳು. ನನ್ನ ಕಣ್ಣು ಗಿಡುಗನ ಕಣ್ಣು. ಪ್ಲಾಟ್‌ಫಾರಂ ಕೊನೆಯಲ್ಲಿ ನಿಂತು, ಬರುವ ಗಾಡಿಯ ಮುಖದ ಮೇಲಿನ ಅಕ್ಷರ ಓದಬಲ್ಲೆ. ಅದನ್ನು ಯಾರಿಗೂ ತೋರಿಸಲು ಬರುವುದಿಲ್ಲ.

ಒಮ್ಮೆ ಯಾರೂ ಇಲ್ಲದಾಗ ಅವನ ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಗೋಡೆ ಬಾಗಿತು, ನೆಲ ಮೇಲಕ್ಕೆ ಬಂತು. ಕನ್ನಡಿಯಲ್ಲಿ ಒಂದು ಕಪ್ಪೆ ಇತ್ತು, ಸ್ವಲ್ಪ ಓದಿದ ಕಪ್ಪೆ. ಬೇಗ ತೆಗೆದಿಟ್ಟೆ. ಆದರೂ ಮೂಗಿನ ಮೇಲೆ ಆ ಭಾರ ಇನ್ನೂ ಇದ್ದಂತೆ ಬಹಳ ಹೊತ್ತು ಅನಿಸುತ್ತಿತ್ತು.

ಕರಾಟೆಯ ಹುಚ್ಚು ಬಂದದ್ದು ಆಮೇಲೆ. ಉಲ್ಹಾಸನಗರದ ಟಾಕೀಸುಗಳಲ್ಲಿ ಹೊಡೆದಾಟದ ವಿದೇಶಿ ಸಿನಿಮಾ ನೋಡಿ ಬಂದ ಹುಡುಗರೆಲ್ಲ ಚಾಳಿನ ಅಂಗಳದಲ್ಲಿ ಗಾಳಿಗೆ ಒದೆಯುತ್ತಿದ್ದ ಕಾಲ. ರಬಾಳೆಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಸಾವಂತ್ ಸರ್ ನಮ್ಮ ಪಕ್ಕದ ಕಟ್ಟಡದ ತಾರಸಿಯ ಮೇಲೆ ಬೆಳಿಗ್ಗೆ ಕ್ಲಾಸು ಶುರು ಮಾಡಿದರು. ಸದಾ ಹಟ ಹಿಡಿದ. ಅಮ್ಮ ಹೆದರಿದಳು, ಮಗನಿಗಾಗಿ ಅಲ್ಲ, ಕನ್ನಡಕಕ್ಕಾಗಿ.

"ಅದೊಂದು ಒಡೆದ್ರೆ ಇವ ಕುರುಡನೇ. ನೀನೂ ಹೋಗು, ಇವನ ಕನ್ನಡಕ ನೋಡಿಕೋ" ಎಂದು ನನಗೆ ಹೇಳಿದಳು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೀಗೆ ನಾನು ಕರಾಟೆ ಕಲಿಯಲು ಹೋದದ್ದು ಕನ್ನಡಕದ ಸ್ಟ್ಯಾಂಡ್ ಆಗಿ.

ಮೊದಲ ದಿನ ಅಮ್ಮ ಪಾಯಿಜಾಮದ ಲಾಡಿಯಿಂದ ಕನ್ನಡಕವನ್ನು ಅವನ ತಲೆಗೆ ಕಟ್ಟಿ ಕಳಿಸಿದ್ದಳು, ಅಜ್ಜಿಯರು ಬುಟ್ಟಿಗೆ ಕೋಳಿ ಕಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ಬೆವರಿಗೆ ಗಾಜು ಮಂಜಾಯಿತು, ಲಾಡಿ ಜಾರಿ ಕುತ್ತಿಗೆಗೆ ಬಂತು. ಸಾವಂತ್ ಸರ್ ನೋಡಿದರು. "ಚಷ್ಮಾ ನಿಕಾಲ್. ಫೂಟಾ ತೋ ಸೀಧಾ ಆಂಖ್ ಮೇ ಜಾಯೇಗಾ." ಒಡೆದರೆ ನೆಟ್ಟಗೆ ಕಣ್ಣಿಗೇ ಹೋಗುತ್ತದೆ, ತೆಗೆ ಎಂದರು. ಸದಾ ತೆಗೆದು ನನ್ನ ಕೈಗಿತ್ತ. ಆಮೇಲೆ ಗುರುವಿಗೆ ವಂದನೆ ಮಾಡುವ ಹೊತ್ತು ಬಂದಾಗ ಎಲ್ಲರೂ ಸರ್ ಕಡೆಗೆ ಬಾಗಿದರೆ ಇವನು ನೀರಿನ ಟ್ಯಾಂಕಿಗೆ ಬಾಗಿದ. ತಾರಸಿ ತುಂಬ ನಗು.

"ಏ ಚಷ್ಮಿಸ್, ಟಾಕಿ ಕೋ ಕಾಯ್ಕೋ ಸಲಾಮ್ ಮಾರ್ತಾ?" ಏ ಕನ್ನಡಕದವನೇ, ಟ್ಯಾಂಕಿಗೆ ಯಾಕೋ ಸಲಾಮು ಹೊಡೆಯುತ್ತೀ ಎಂದು ಯಾರೋ ಕೂಗಿದರು.

ಅವನೂ ನಕ್ಕ. ಅವನ ಗುಣ ಅದು, ತನ್ನನ್ನು ನೋಡಿ ನಗುವವರ ಜೊತೆ ತಾನೂ ಸೇರಿಕೊಳ್ಳುತ್ತಿದ್ದ.

ಒಂಟಿಯಾಗಿ ಮಾಡುವ ವರಸೆಗಳಿಗೆ ಕಣ್ಣು ಅಷ್ಟಾಗಿ ಬೇಡ. ಸದಾ ಅವನ್ನು ಬಹಳ ಬೇಗ ಕಲಿತ. ತೊಂದರೆ ಬಂದದ್ದು ಎದುರಾಳಿಯ ಜೊತೆ ಆಡುವಾಗ. ಕನ್ನಡಕ ತೆಗೆದರೆ ಎದುರಿಗಿದ್ದವನು ಅವನಿಗೆ ಬಿಳಿಯ ಒಂದು ಮುದ್ದೆ. ಕೈ ಎಲ್ಲಿ, ಕಾಲು ಎಲ್ಲಿ ಒಂದೂ ತಿಳಿಯದು. ಮೊದಮೊದಲು ಚೆನ್ನಾಗಿ ಏಟು ತಿಂದ. ಒಂದು ದಿನ ಅಂಚಿನಲ್ಲಿ ನಿಂತಿದ್ದ ನಾನು, ಎದುರಾಳಿಯ ಬಲ ಭುಜ ಏಳುವುದನ್ನು ಕಂಡು ತಡೆಯಲಾರದೆ "ಎಡತ್ತ್!" ಎಂದು ಕೂಗಿಬಿಟ್ಟೆ. ತುಳುವಿನಲ್ಲಿ ಎಡಕ್ಕೆ ಎಂದು ಅರ್ಥ. ಸದಾನ ಎಡಗೈ ತಾನಾಗಿ ಮೇಲಕ್ಕೆ ಹೋಯಿತು, ಏಟು ತೋಳಿನ ಮೇಲೆ ನಿಂತಿತು. ಅಲ್ಲಿಂದ ನಮ್ಮ ಪದ್ಧತಿ ಶುರುವಾಯಿತು. ಎಡಕ್ಕೆ ಎಡತ್ತ್, ಬಲಕ್ಕೆ ಬಲತ್ತ್, ಹಿಂದೆ ಸರಿಯಬೇಕಾದರೆ ಪಿರ. ಕೂಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಎಲ್ಲರೂ ತಮ್ಮವರಿಗೆ ಕೂಗುತ್ತಿದ್ದರು. ಆದರೆ ಅವರು ಕೂಗಿದ್ದು ಎದುರಾಳಿಗೂ ತಿಳಿಯುತ್ತಿತ್ತು, ನನ್ನದು ತಿಳಿಯುತ್ತಿರಲಿಲ್ಲ.

"ಯೇ ಕ್ಯಾ ಬೋಲ್ತಾ ಹೈ ರೇ ತೂ? ಜಪಾನಿ ಹೈ ಕ್ಯಾ?" ಇದೇನು ಹೇಳುತ್ತೀಯೋ, ಜಪಾನಿಯೇನು ಎಂದು ಸಾವಂತ್ ಸರ್ ಕೇಳಿದರು. ಒಬ್ಬ ಹುಡುಗ ಅದನ್ನು ನಿಜವೆಂದೇ ನಂಬಿ, ಒದೆಯುವಾಗಲೆಲ್ಲ "ಪಿರ!" ಎಂದು ಅಬ್ಬರಿಸತೊಡಗಿದ. ನನಗೆ ರೇಡಿಯೋ ಎಂದು ಹೆಸರು ಬಿತ್ತು. ನಾನು ಹಿಗ್ಗಿದೆ. ಓದದ ನನ್ನ ಕಣ್ಣು ಓದಿದ ತಮ್ಮನ ಕೆಲಸಕ್ಕೆ ಬಂದಿತ್ತು.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. ಸದಾ ಮೇಲಿನ ಬೆಲ್ಟಿಗೆ ಏರುತ್ತ ಹೋದ. ನಾನು ಹಸಿರು ಬೆಲ್ಟಿನಲ್ಲೇ ಸಿಕ್ಕಿಕೊಂಡೆ. ಎಲ್ಲವೂ ಕಾಣುವ ನನಗೆ ಏಟು ತಪ್ಪಿಸಿಕೊಳ್ಳಲು ಬರುತ್ತಿರಲಿಲ್ಲ. ಬರುವ ಮುಷ್ಟಿಯನ್ನು ಕೊನೆಯವರೆಗೂ ಸ್ಪಷ್ಟವಾಗಿ ನೋಡುತ್ತ ನಿಂತು ಮೂಗಿಗೆ ತೆಗೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಅಮ್ಮ ಬೆಲ್ಟು ಒಗೆದು ಒಣಹಾಕುವಾಗ ಅವನದನ್ನು ಬೀದಿಯ ಕಡೆಗೂ ನನ್ನದನ್ನು ಒಳಗಡೆಗೂ ಹಾಕುತ್ತಿದ್ದಳು. ಅವಳಿಗೆ ಅದು ಗೊತ್ತೂ ಇದ್ದಿರಲಿಕ್ಕಿಲ್ಲ. ನನಗೆ ಕಾಣುತ್ತಿತ್ತು. ಹೇಳಿದೆನಲ್ಲ, ನನ್ನದು ಗಿಡುಗನ ಕಣ್ಣು.

ಕಲ್ಯಾಣದ ಒಂದು ಶಾಲೆಯ ಹಾಲಿನಲ್ಲಿ ಪಂದ್ಯ ನಡೆಯಿತು. ಠಾಣೆ, ಉಲ್ಹಾಸನಗರಗಳಿಂದ ಹುಡುಗರು ಬಂದಿದ್ದರು. ನಾನು ಮೊದಲ ಆಟದಲ್ಲೇ, ಕಪ್ಪಿನಲ್ಲಿ ಬಿಟ್ಟು ಹೋದ ಚಾ ಆರುವ ಮೊದಲು, ಸೋತು ಬಂದೆ. ಸದಾ ಗೆಲ್ಲುತ್ತ ಹೋದ. ನಾನು ಕೂಗುತ್ತ ಹೋದೆ. ಫೈನಲಿಗೆ ಮೊದಲಿನ ಆಟ ವಿಠ್ಠಲವಾಡಿಯ ಒಬ್ಬ ಉದ್ದನೆಯ ಹುಡುಗನ ಜೊತೆ. ಸದಾ ಕನ್ನಡಕ ತೆಗೆದು ಎಂದಿನಂತೆ "ಹಿಡಿ ಅಣ್ಣ" ಎಂದ. ಆಗ ನಮ್ಮ ತಾರಸಿಯ ಹುಡುಗನೊಬ್ಬ ಹಿಂದಿನಿಂದ ನನ್ನ ಹೆಗಲು ತಟ್ಟಿದ. "ರೇಡಿಯೋ, ತೂ ಖುದ್ ತೋ ಬಜಾ ನಹೀ. ಇಸ್‌ಕೋ ತೋ ಬಜಾ!" ನೀನಂತೂ ಮೊಳಗಲಿಲ್ಲ, ಇವನನ್ನಾದರೂ ಮೊಳಗಿಸು ಎಂದು. ತಮಾಷೆಯ ಮಾತೇ. ನಾನೂ ನಕ್ಕೆ. ಸದಾನ ಹಾಗೆ ನಗಲು ನನಗೆ ಬರಲಿಲ್ಲ.

ಸದಾ ಮುಂದಿದ್ದ. ಇನ್ನೊಂದು ಪಾಯಿಂಟು ಬಂದರೆ ಫೈನಲು. ಎದುರಾಳಿಯ ಹಿಮ್ಮಡಿ ತಿರುಗುವುದು ನನಗೆ ಕಾಣಿಸಿತು. ಹಿಮ್ಮಡಿ ತಿರುಗಿದರೆ ಮುಂದಿನದು ಮುಖದ ಎತ್ತರಕ್ಕೆ ಬರುವ ಒದೆ. ಪಿರ ಎನ್ನಬೇಕು. ಒಂದು ಬೀಳಲಿ ಅಂದುಕೊಂಡೆ. ಒಂದೇ ಒಂದು. ನನ್ನ ಕಣ್ಣಿಲ್ಲದಿದ್ದರೆ ಏನಾಗುತ್ತದೆಂದು ಇವನಿಗೆ ಒಮ್ಮೆ ಗೊತ್ತಾಗಲಿ. ಇದಕ್ಕಿಂತ ದೊಡ್ಡ ಕೆಡುಕು ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಷ್ಟಿದ್ದರೆ ಸಾಲದೇ?

ಒದೆ ಎಡಗಣ್ಣಿಗೆ ಬಿತ್ತು.

ಬಾವು ಇಳಿಯಿತು, ನೀಲಿಯೂ ಹೋಯಿತು. ಕೆಲವು ವಾರಗಳಾದ ಮೇಲೆ ಆ ಕಣ್ಣಿಗೆ ಮೂಲೆಯಿಂದ ಒಂದು ಕಪ್ಪು ಪರದೆ ಇಳಿಯುತ್ತಿದೆ ಎಂದ. ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ದಪ್ಪ ಗಾಜಿನವರ ಕಣ್ಣೊಳಗಿನ ರೆಟಿನಾ ಪೊರೆ ತೆಳು, ಏಟಿಗೆ ಬಿಟ್ಟುಕೊಂಡಿದೆ, ತಡವಾಯಿತು ಎಂದರು. ಆಪರೇಷನ್ ಮಾಡಿದರೂ ದೃಷ್ಟಿ ಬರಲಿಲ್ಲ. ಅಮ್ಮ ಓದನ್ನು ಬೈದಳು, ಅಪ್ಪ ಕರಾಟೆಯನ್ನು ಬೈದರು. ಸಾವಂತ್ ಸರ್ ತಮ್ಮನ್ನೇ ಬೈದುಕೊಂಡು ಕೆಲವು ದಿನ ಕ್ಲಾಸು ಮುಚ್ಚಿದರು. ನನ್ನನ್ನು ಯಾರೂ ಬೈಯಲಿಲ್ಲ. ಸದಾ ಆಸ್ಪತ್ರೆಯ ಹಾಸಿಗೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನನ್ನ ಕೈ ಹುಡುಕಿ ಹಿಡಿದು ಹೇಳಿದ: "ಸಾರಿ ಅಣ್ಣ, ನೀನು ಕೂಗಿದ್ದು ಕೇಳಿಸ್ಲೇ ಇಲ್ಲ. ಹಾಲಲ್ಲಿ ಅಷ್ಟು ಗಲಾಟೆ."

"ಇರ್ಲಿ ಬಿಡು" ಎಂದೆ. ಅಂದರೆ, ನಾನು ಅವನನ್ನು ಕ್ಷಮಿಸಿದೆ.

ಆಮೇಲೆಯೂ ಅವನ ಕನ್ನಡಕಕ್ಕೆ ಎರಡು ಗಾಜು ಬೇಕೇ ಬೇಕಾಗಿತ್ತು. ಬಲಕ್ಕೆ ಅದೇ ಸೋಡಾ ಬಾಟಲಿ. ಎಡಕ್ಕೆ ನಂಬರಿಲ್ಲದ ಬರಿಯ ಗಾಜು, ನೋಡುವವರಿಗೆ ವಿಚಿತ್ರ ಕಾಣಬಾರದೆಂದು. ಅದನ್ನೂ ಅವನು ಪ್ರತಿದಿನ ಬಲದ್ದರಷ್ಟೇ ಶ್ರದ್ಧೆಯಿಂದ ಒರೆಸುತ್ತಿದ್ದ. ಚಾ ಬಗ್ಗಿಸುವಾಗ ಕಪ್ಪಿನ ಪಕ್ಕಕ್ಕೆ ಬಗ್ಗಿಸುತ್ತಿದ್ದ. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಕೋಳಿಯ ಹಾಗೆ ಇಡೀ ತಲೆ ತಿರುಗಿಸುತ್ತಿದ್ದ. ನಾನು ಅವನ ಎಡಗಡೆ ಕೂರುವುದನ್ನೇ ಬಿಟ್ಟೆ.

ನಮ್ಮ ಲೋಕಲ್ ಗಾಡಿಗಳಲ್ಲಿ ಒಂದು ರೂಢಿಯಿದೆ. ಬಾಗಿಲಲ್ಲಿ ಜೋತುಬಿದ್ದವರಲ್ಲಿ ಎಲ್ಲರಿಗಿಂತ ಮುಂದಿರುವವನಿಗೆ ಹಳಿಯ ಪಕ್ಕದ ಕಂಬ ಮೊದಲು ಕಾಣುತ್ತದೆ. ಅವನು "ಖಂಬಾ!" ಎಂದು ಕೂಗುತ್ತಾನೆ, ಹಿಂದಿನವರೆಲ್ಲ ಮೈ ಒಳಗೆಳೆದುಕೊಳ್ಳುತ್ತಾರೆ. ಯಾರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಸೀಟಿಗಾಗಿ ಜಗಳವಾಡಿದವನಿಗೂ ಆ ಕೂಗು ಸಿಗುತ್ತದೆ. ಇವತ್ತು ಕೂಗುವುದು ಬೇಡ, ಒಂದು ಬೀಳಲಿ ಎಂದು ಯೋಚಿಸಿದವನನ್ನು ಡೊಂಬಿವಲಿಯ ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಕನ್ನಡಿಯಲ್ಲಿ ಬಿಟ್ಟರೆ.

ಸದಾನಿಗೆ ರಬಾಳೆಯಲ್ಲಿ ಆಫೀಸಿನ ಕೆಲಸ ಸಿಕ್ಕಿ ಕೆಲವು ವರ್ಷಗಳಾಗಿದ್ದವು. ಹೊಸ ಕನ್ನಡಕ ಮಾಡಿಸಲು ಒಂದು ಭಾನುವಾರ ಇಬ್ಬರೂ ಠಾಣೆಗೆ ಹೊರಟೆವು. ಫಾಸ್ಟ್ ಗಾಡಿ, ಬಾಗಿಲ ಬಳಿ ಜಾಗ. ಗಾಳಿಗೆ ಮುಖ ಒಡ್ಡಿ ಸದಾ ಸ್ವಲ್ಪ ಹೊರಗೆ ವಾಲಿದ್ದ. ಕಂಬ ಅವನ ಎಡಗಡೆಯಿಂದ ಬರುತ್ತಿತ್ತು.

"ಪಿರ!"

ಎಷ್ಟೋ ವರ್ಷ ಆಡದ ಪದ. ಅವನು ಹಿಂದೆ ಹಾರಿದ. ಕಂಬ ಸುಂಯ್ ಎಂದು ಹೋಯಿತು. ಬಾಗಿಲಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಸದಾ ಎದೆ ಮುಟ್ಟಿಕೊಂಡು ನಕ್ಕ.

"ಅಬ್ಬ, ಎಂಥ ಸ್ವರ ಮಾರಾಯ ನಿನ್ನದು! ಗಾಡಿಯ ಈ ಗಲಾಟೆಯಲ್ಲೂ ಕೇಳ್ತದೆ. ಅವತ್ತೊಂದು ದಿನ ನನ್ನ ಕಿವಿಗೆ ಎಂಥ ಆಗಿತ್ತೋ ಏನೋ."

ಅವನು ತನ್ನ ಕಿವಿಯನ್ನು ಇನ್ನೂ ಬೈದುಕೊಳ್ಳುತ್ತಿದ್ದ. ಗಾಡಿ ಪಾರ್ಸಿಕ್ ಸುರಂಗಕ್ಕೆ ನುಗ್ಗಿತು. ಕತ್ತಲೆ, ಮೇಲಿಂದ ಗುಡ್ಡವೇ ಕುಸಿಯುತ್ತಿರುವಂಥ ಸದ್ದು. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ. ಅವನ ಮುಖ ಕಾಣುವುದಿಲ್ಲ, ನನ್ನ ಮಾತು ಕೇಳುವುದಿಲ್ಲ. ಅಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದೆ. ಮನಸ್ಸು ಹಗುರವಾಯಿತೆಂದೂ ಅನಿಸಿತು.

ಸುರಂಗ ಮುಗಿದು ಬೆಳಕು ಬಂತು. ಸದಾನ ಮುಖಕ್ಕೆ ಧೂಳು ಹೊಡೆದಿತ್ತು. ಕರವಸ್ತ್ರ ತೆಗೆಯುತ್ತ ಕನ್ನಡಕ ಕಳಚಿ, ಅಂದಿನಂತೆಯೇ, ನೋಡದೆ ನನ್ನ ಕಡೆ ಚಾಚಿದ.

"ಹಿಡಿ ಅಣ್ಣ. ಎಂಥದೋ ಹೇಳ್ತಿದ್ದೆಯಲ್ಲ? ಕೇಳಿಸ್ಲಿಲ್ಲ."

ಕನ್ನಡಕ ನನ್ನ ಕೈಯಲ್ಲಿತ್ತು. ಒಂದು ಗಾಜು ದಪ್ಪ, ಒಂದು ಬರಿಯ ಗಾಜು. ನಾನು ಅವನ ಎಡಗಡೆಯಲ್ಲಿದ್ದೆ. ಬಲಗಡೆಗೆ ಬಂದು, ಅವನಿಗೆ ಕಾಣುವಷ್ಟು ಹತ್ತಿರ ನಿಂತೆ.

"ನಿನ್ನ ಕಿವಿಗೆ ಏನೂ ಆಗಿರಲಿಲ್ಲ, ಸದಾ. ಒದೆ ಬರುವುದು ನನಗೆ ಕಂಡಿತ್ತು. ನಾನು ಕೂಗ್ಲಿಲ್ಲ. ಬೇಕಂತ್ಲೇ ಕೂಗ್ಲಿಲ್ಲ. ತಪ್ಪಾಯ್ತು ಮಾರಾಯ, ನನ್ನಿಂದ ತಪ್ಪಾಯ್ತು."