ನಮ್ಮ ಮನೆಗೆ ನಾವೇ ಅರ್ಜಿ ಹಾಕಿದ್ದು

ಶಹಾಬಾದಿನ ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆಂಬುದು ಗೊತ್ತಾದದ್ದು ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಕಂಡಾಗ.

ಅದು ನಿಜಾಮರ ರಾಜ್ಯದ ಕಾಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಕಲ್ಲಿನ ಗಣಿಯ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದಾಗ ಆ ಮನೆ ಕಟ್ಟಿಸಿದ್ದರು. ಎರಡು ಕೋಣೆ, ಒಂದು ಪಡಸಾಲೆ, ಮೇಲೆ ಅದೇ ಊರಿನ ಹಾಸುಗಲ್ಲಿನ ಮಾಳಿಗೆ. ಅವರು ಹಾಸಿಗೆ ಹಿಡಿದಾಗ ಮನೆಗೆ ಬೀಗ ಹಾಕಿ ಸೇಡಂಗೆ, ಅವ್ವನ ತವರಿಗೆ ಹೋದವರು ತಿರುಗಿ ಬಂದಿರಲಿಲ್ಲ. ಈಗ ಶಹಾಬಾದಿನವರೇ ಸೇರಿ ಹುಡುಗಿಯರಿಗೊಂದು ಕನ್ನಡ ಶಾಲೆ ತೆರೆದು ನನ್ನನ್ನು ಕಲಿಸಲು ಕರೆದಿದ್ದರು. ನನಗೆ ಇಪ್ಪತ್ತೆರಡು ವರ್ಷ. ವಾಡಿಯಲ್ಲಿ ರೈಲುಗಾಡಿ ಬದಲಿಸಿ, ಪಾತ್ರೆ ಪಡಗ ಕಟ್ಟಿಕೊಂಡು ಅವ್ವನ ಜೊತೆ ಬಂದಿದ್ದೆ. ಓಣಿ ಇಕ್ಕಟ್ಟು, ಬಂಡಿ ಒಳಗೆ ಬರುವಂತಿರಲಿಲ್ಲ. ಅವ್ವನನ್ನು ಬಂಡಿಯಲ್ಲೇ ಬಿಟ್ಟು ಬೀಗ ತೆಗೆಯಲೆಂದು ನಾನೊಬ್ಬಳೇ ಮುಂದೆ ಹೋಗಿದ್ದೆ.

ಮೆಣಸಿನಕಾಯಿಗೆ ಕೈಯಾಡಿಸುತ್ತಿದ್ದ ಹೆಂಗಸು ಸೆರಗು ಎಳೆದುಕೊಂಡು ಎದ್ದಳು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು.

"ಬರ್ರಿ ಅಕ್ಕಾರ, ಕುಂದ್ರಿ. ಯಾರು ಬೇಕಾಗಿತ್ತರಿ?"

ಇದು ನಮ್ಮ ಮನೆ ಎಂದು ಹೇಳಬೇಕಾಗಿತ್ತು. ಅಷ್ಟರಲ್ಲಿ ಅವಳು ತಂಬಿಗೆ ನೀರು ತಂದು ಕೈಗೆ ಕೊಟ್ಟಳು, ನಾನು ಕುಡಿದುಬಿಟ್ಟೆ. ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಕೊನೆಗೆ ಹೇಳಿದಾಗ ಅವಳು ಹೆದರಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೀಲಿಕೈ ತನಗೆ ದೊಡ್ಡವ್ವ ಕೊಟ್ಟಳು, ದೊಡ್ಡವ್ವ ಹೋದ ವರ್ಷ ತೀರಿಕೊಂಡಳು, ಗಂಡ ಗಣಿಯಲ್ಲಿ ಕಲ್ಲು ಸೀಳುತ್ತಾನೆ, ಮಾಳಿಗೆ ಸೋರುತ್ತಿತ್ತೆಂದು ಎರಡು ಕಲ್ಲು ಬದಲಿಸಿದ್ದೇವೆ ಎಂದು ಒಂದೊಂದಾಗಿ ಹೇಳಿದಳು. ಆ ದೊಡ್ಡವ್ವ ಯಾರು, ಅವಳಿಗೆ ಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ. ಸತ್ತವರ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದಾಳೆ ಎನಿಸಿತು. ಬಂಡಿಗೆ ಬಂದು ಅವ್ವನಿಗೆ, ಯಾರೋ ಕಳ್ಳಕೀಲಿ ಮಾಡಿಸಿ ಒಳಗೆ ಹೊಕ್ಕಿದ್ದಾರೆ ಎಂದಷ್ಟೇ ಹೇಳಿದೆ. ಆ ದಿನ ಶಾಲೆಯ ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚಿದೆವು.

ಮೊದಲು ಊರಿನ ಪೊಲೀಸ್ ಪಟೇಲರ ಬಳಿ ಹೋದೆ. ಬೀಗ ಒಡೆದಿದ್ದರೆ ಅದು ತಮಗೆ ಬರುತ್ತದೆ, ಕೀಲಿಕೈಯಿಂದ ತೆರೆದಿದ್ದರೆ ಬರುವುದಿಲ್ಲ ಎಂದರು. ಚಿತ್ತಾಪುರದ ತಹಸೀಲಿಗೆ ಹೋದೆ. ಅಲ್ಲಿಯ ಗುಮಾಸ್ತರು ಹೊಲವಾಗಿದ್ದರೆ ತಮ್ಮದು, ಮನೆಯಾದ್ದರಿಂದ ಅದಾಲತ್ತಿನದು ಎಂದರು. ಹಾಗೆಂದವರೇ, ಆ ಓಣಿ ಸರ್ಕಾರದ ಕಡೆಗೋ ಜಾಗೀರಿನ ಕಡೆಗೋ ಎಂದು ಕೇಳಿದರು. ನಾನು ಹುಟ್ಟಿದ ಓಣಿ ಯಾರ ಕಡೆಯದೆಂದು ನನಗೇ ಗೊತ್ತಿರಲಿಲ್ಲ. ತಿಳಿದುಕೊಂಡು ಬರುತ್ತೇನೆ ಎಂದು ಹೊರಗೆ ಬಂದೆ. ಯಾರನ್ನು ಕೇಳಬೇಕೆಂಬುದೂ ಹೊಳೆಯಲಿಲ್ಲ.

ಅದನ್ನು ತಿಳಿಸಿದವರು ಅದಾಲತ್ತಿನ ಎದುರಿಗಿದ್ದ ಒಬ್ಬ ವಯಸ್ಸಾದ ವಕೀಲರು. ಅಪ್ಪನ ಕಾಗದಗಳನ್ನೆಲ್ಲ ಓದಿ, ಓಣಿ ಸರ್ಕಾರದ ಕಡೆಗೇ ಬರುತ್ತದೆ ಎಂದರು. ಮನೆ ಅಪ್ಪನದೆಂದು ತೋರಿಸುವ ಕಾಗದ ಬೇಕು, ಅಪ್ಪನ ಹಿಂದೆ ನಾವೇ ವಾರಸುದಾರರೆಂದು ಹೇಳುವ ಸಾಕ್ಷಿ ಬೇಕು, ಅದಕ್ಕೂ ಮೊದಲು ಅವರಿಗೊಂದು ನೋಟೀಸು ಕೊಡಬೇಕು, ಅದರ ಗಡುವು ಮುಗಿಯಬೇಕು, ಆಮೇಲೆ ದಾವಾ ಎಂದು ಬೆರಳು ಮಡಚಿ ಎಣಿಸಿದರು. ಅಷ್ಟೆಲ್ಲ ಯಾಕೆ, ಮನೆ ನಮ್ಮದೇ ಅಲ್ಲವೇ ಎಂದೆ.

"ಮನಿ ನಿಮ್ದೇ ಅದ ತಾಯಿ. ಆದ್ರ ನೀವಾಗೇ ಹೋಗಿ ಅವರ ಗಡಿಗಿ ಹೊರಗ ಇಟ್ರಿ ಅಂದ್ರ, ತಪ್ಪು ನಿಮ್ದಾಗ್ತದ. ತೆಗೆಸೋದು ಅದಾಲತ್ತಿನ ಕೆಲಸ, ನಿಮ್ದಲ್ಲ."

ಈ ಮಾತು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು.

ನೋಟೀಸು ಉರ್ದುವಿನಲ್ಲಿತ್ತು. ವಕೀಲರ ಗುಮಾಸ್ತನ ಜೊತೆ ನಾನೇ ಅದನ್ನು ಕೊಡಲು ಹೋದೆ. ಅವನು ಅವಳ ಗಂಡನ ಹೆಬ್ಬೆರಳಿನ ಗುರುತು ಒತ್ತಿಸಿಕೊಂಡು, ಗಾಡಿಗೆ ಹೊತ್ತಾಯಿತೆಂದು ಹೊರಟುಹೋದ. ಅವಳು ಕಾಗದವನ್ನು ನನ್ನ ಮುಂದೆ ಹಿಡಿದು, ಓದಿ ಹೇಳ್ರಿ ಅಕ್ಕಾರ ಎಂದಳು. ನನಗೆ ಉರ್ದು ಬರುತ್ತಿರಲಿಲ್ಲ. ನಾನೇ ಕೊಟ್ಟ ಕಾಗದವನ್ನು ನಾನೇ ಓದಲಾರದೆ ಆ ಅಂಗಳದಲ್ಲಿ ನಿಂತೆ. ಕೊನೆಗೆ ನೆನಪಿದ್ದಷ್ಟನ್ನು ನನ್ನ ಮಾತಿನಲ್ಲಿ ಹೇಳಿದೆ. ತಿಂಗಳೊಳಗೆ ಮನೆ ಬಿಡಬೇಕು ಎಂಬುದು ನನ್ನ ಬಾಯಲ್ಲಿ ತಿಂಗಳೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದಾಯಿತು. ಅವಳು ತಲೆಯಾಡಿಸಿ, ನೋಡ್ತೀವ್ರಿ ಎಂದಳು. ನೋಡಲೂ ನೋಡಿದರು. ಆದರೆ ತಿಂಗಳಲ್ಲಿ ಸಿಗಲಿಲ್ಲ. ದಾವಾ ದಾಖಲಾಯಿತು.

ವಿಚಾರಣೆಯ ಪೇಶಿಗಳು ಮುಂದೆ ಹೋದವು. ಪ್ರತಿ ಸಲವೂ ಅವರು ಗಂಡಹೆಂಡತಿ, ನಾವು ತಾಯಿಮಗಳು ಒಂದೇ ಗಾಡಿಯಲ್ಲಿ ಚಿತ್ತಾಪುರಕ್ಕೆ ಹೋಗಿ ಒಂದೇ ಗಾಡಿಯಲ್ಲಿ ಮರಳುತ್ತಿದ್ದೆವು. ವಾಡಿಯಲ್ಲಿ ಗಾಡಿ ಕಾಯುವಾಗ ಅವಳು ಅವ್ವನಿಗೆ ನೆರಳಿದ್ದ ಜಾಗ ಬಿಟ್ಟುಕೊಡುತ್ತಿದ್ದಳು. ಮಾತಾಡಬಹುದೋ ಬಾರದೋ ತಿಳಿಯದೆ ನಾನು ಹಳಿಗಳ ಕಡೆ ನೋಡುತ್ತಿದ್ದೆ.

ನಾಲ್ಕನೆಯ ಪೇಶಿಯಲ್ಲಿ ಮುನ್ಸೀಫರು ಅವರ ಬಳಿ ಇರುವ ಕೀಲಿಕೈಯನ್ನು ತೋರಿಸಲು ಹೇಳಿದರು. ಅವಳು ಸೊಂಟದ ಸಂಚಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಅದಕ್ಕೊಂದು ಕೆಂಪು ದಾರ ಹೆಣೆದು ಕಟ್ಟಿತ್ತು. ಹಿಂದೆ ಕುಳಿತಿದ್ದ ಅವ್ವ ಎದ್ದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಈ ದಾರ ನಂದರಿ. ನಾನೇ ಹೆಣದೀನಿ. ಬಾಜೂಮನಿ ಅಜ್ಜಿಗೆ ಎರಡನೇ ಕೀಲಿಕೈ ನಾನೇ ಕೊಟ್ಟೀನಿ, ಮನ್ಯಾಗ ಯಾರ್ನಾದ್ರೂ ಇಡು, ದೀಪ ಹಚ್ಲಿ ಅಂತ ಹೇಳೀನಿ."

ವಕೀಲರು ಕಣ್ಣು ಮುಚ್ಚಿಕೊಂಡರು. ಆ ಅಜ್ಜಿಯೇ ಇವಳ ದೊಡ್ಡವ್ವ ಎಂಬುದು ಆಗ ನನಗೆ ಗೊತ್ತಾಯಿತು. ಮುನ್ಸೀಫರು ಉರ್ದುವಿನಲ್ಲಿ ಹೇಳಿದ್ದನ್ನು ವಕೀಲರು ಹೊರಗೆ ಬಂದು ತಿಳಿಸಿದರು. ನೀವೇ ಇರಲು ಹೇಳಿದ ಮೇಲೆ ಅವರು ಅತಿಕ್ರಮಿಸಿದವರಲ್ಲ, ಆ ದಾವಾ ನಿಲ್ಲುವುದಿಲ್ಲ. ಇರಲು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡೆವೆಂದು ಮತ್ತೊಂದು ನೋಟೀಸು ಕೊಡಿ, ಮತ್ತೆ ಮೊದಲಿನಿಂದ ಶುರುಮಾಡಿ. ಸೋತೆವೋ ಗೆದ್ದೆವೋ ಎಂದು ಕೇಳಿದೆ. ಎರಡೂ ಅಲ್ಲ ಎಂದರು.

ಗಾಡಿಯಲ್ಲಿ ಅವ್ವನನ್ನು ಕೇಳಿದೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು. ನನ್ನ ದನಿ ಒರಟಾಗಿತ್ತು.

"ನೆನಪೇ ಇರಲಿಲ್ಲವ್ವ. ನಿಮ್ಮಪ್ಪನ್ನ ಸೇಡಂಗೆ ಹೊತ್ಕೊಂಡು ಹೋಗೋ ದಿನ ಯಾರ ಕೈಯಾಗ ಏನ್ ಕೊಟ್ಟೀನೋ, ಏನ್ ಹೇಳೀನೋ. ದಾರ ಕಂಡ ಮ್ಯಾಲೆ ಎಲ್ಲಾ ಬಂತು."

ನಾನು ಅವ್ವನಿಗೆ ಕಳ್ಳಕೀಲಿ ಎಂದು ಹೇಳದೆ, ಆ ಹೆಂಗಸು ಹೇಳಿದ್ದನ್ನೇ ಹೇಳಿದ್ದರೆ ಮೊದಲ ದಿನವೇ ನೆನಪಾಗುತ್ತಿತ್ತೇನೋ. ನಾಚಿಕೆ ಎನಿಸಿತು. ಆದರೂ ಮನೆ ಬೇಕಾಗಿತ್ತು. ಎರಡೂ ಒಟ್ಟಿಗೇ ಇದ್ದವು, ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ.

ಎರಡನೆಯ ನೋಟೀಸಿನ ಗಡುವು ಮುಗಿಯುವ ಮೊದಲೇ ಆ ಹೆಂಗಸಿನ ಗಂಡನಿಗೆ ವಾಡಿಯ ರೈಲು ನಿಲ್ದಾಣದಲ್ಲಿ ಕೆಲಸ, ಇರಲು ಒಂದು ಕೋಣೆ ಸಿಕ್ಕಿತು. ಅವರು ಮನೆಗೆ ಸುಣ್ಣ ಹಚ್ಚಿ ಹೋದರು. ನಾವು ಒಳಗೆ ಬಂದ ವಾರವೆಲ್ಲ ಯಾರಾದರೂ ಎಳೆಗೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದರಲ್ಲಿ ಅವಳ ಕೈ ಒಳ್ಳೆಯದಂತೆ. ಅವಳು ವಾಡಿಗೆ ಹೋದಳೆಂದು ಹೇಳಿದರೆ, ಯಾಕೆ ಹೋದಳು ಎಂದು ಕೇಳುತ್ತಿದ್ದರು. ನಾನು ಗಂಡನ ಕೆಲಸದ ಕಾರಣ ಹೇಳುತ್ತಿದ್ದೆ. ಅದು ಸುಳ್ಳಲ್ಲ.

ಒಂದೂವರೆ ವರ್ಷದ ಮೇಲೆ ಸೇಡಂಗೆ ಹೋಗುವಾಗ ವಾಡಿ ನಿಲ್ದಾಣದ ಫಲಾಟಿನಲ್ಲಿ ಅವಳು ಸಿಕ್ಕಳು. ಜೊತೆಗೆ ಇನ್ನೊಬ್ಬ ಹೆಂಗಸಿದ್ದಳು. ಅವ್ವ ಹೇಗಿದ್ದಾಳೆ, ಮೊಣಕಾಲು ನೋವು ಹೇಗಿದೆ ಎಂದೆಲ್ಲ ವಿಚಾರಿಸಿದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ನಮ್ಮ ಶಾಬಾದ ಮನ್ಯಾಗ ಇರ್ತಾರಲ್ಲ, ಇವ್ರೇ ಅವರು" ಎಂದಳು.

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಾನು ಆ ಹೆಂಗಸಿಗೆ ಕೈಮುಗಿದೆ. ಸೇಡಂ ಗಾಡಿ ಬಂತು. ಅವಳು ನನ್ನ ಗಂಟನ್ನು ಎತ್ತಿ ಒಳಗಿಟ್ಟಳು.